ಶಾಲಾ ಗ್ರಂಥಾಲಯಗಳಲ್ಲಿ ಸಾಮಾಜಿಕ ಬುಕ್‌ಮಾರ್ಕಿಂಗ್ ಮತ್ತು ಟ್ಯಾಗಿಂಗ್

ಸಾಮಾಜಿಕ ಬುಕ್‌ಮಾರ್ಕಿಂಗ್ ಎಂದರೆ ಅಂತರಜಾಲದಲ್ಲಿ ಕಂಡ ಪುಟಗಳ ಕೊಂಡಿಗಳನ್ನು ತಮ್ಮ ಗಣಕದ ಬ್ರೌಸರಿನಲ್ಲಿ ಇಟ್ಟುಕೊಳ್ಳುವ ಬದಲು ಒಂದು ಜಾಲತಾಣದಲ್ಲಿ ಉಳಿಸಿ, ಇತರರೂ ನೋಡುವಂತೆ ಮಾಡುವ ವಿಧಾನ. ಹೀಗೆ ಉಳಿಸಿದ ಪ್ರತಿಯೊಂದು ಕೊಂಡಿಗೂ ಬಳಕೆದಾರರು ತಮಗೆ ತೋಚಿದ ಕೆಲವು ಪದಗಳನ್ನು ಗುರುತಾಗಿ ಸೇರಿಸುತ್ತಾರೆ. ಈ ಗುರುತುಪದಗಳಿಗೆ ಟ್ಯಾಗ್ ಎಂದೂ ಅವುಗಳನ್ನು ಸೇರಿಸುವ ಕ್ರಿಯೆಗೆ ಟ್ಯಾಗಿಂಗ್ ಎಂದೂ ಹೆಸರು. 2003ರ ನಂತರ ಬಳಕೆಗೆ ಬಂದ ಇಂತಹ ಸೇವೆಗಳು ಮೊದಲಿಗೆ ಅಮೆರಿಕದಲ್ಲಿ, ನಂತರ ಇತರ ದೇಶಗಳಲ್ಲಿ ಶಾಲಾ ಗ್ರಂಥಪಾಲಕರ ಕೆಲಸದ ಮೇಲೆ ಪರಿಣಾಮ ಬೀರಿದವು.

ಒಂದು ಬರಹವು ಯಾವ ವಿಷಯಕ್ಕೆ ಸೇರಿದ್ದು ಎಂದು ನಿರ್ಧರಿಸಿ ಅದಕ್ಕೆ ಹೆಸರು ಕೊಡುವುದು ಅಲ್ಲಿಯವರೆಗೆ ತರಬೇತಿ ಪಡೆದವರ ಕೆಲಸವಾಗಿತ್ತು. ಟ್ಯಾಗಿಂಗ್ ಆ ಕೆಲಸವನ್ನು ಓದುಗರ ಕೈಗೂ ಕೊಟ್ಟಿತು. ಇದರಿಂದ ಗ್ರಂಥಪಾಲಕರ ಅಗತ್ಯ ಕಡಿಮೆಯಾಗುತ್ತದೆ ಎಂಬ ಊಹೆ ಆರಂಭದಲ್ಲಿ ಕೇಳಿಬಂದಿತ್ತು. ವಾಸ್ತವದಲ್ಲಿ ಹೆಸರಿಡುವ ಕೆಲಸ ಹಗುರಾದಂತೆ ಆಯುವ, ತಿದ್ದುವ, ವಿದ್ಯಾರ್ಥಿಗಳ ಖಾಸಗಿತನವನ್ನು ಕಾಯುವ ಮತ್ತು ಸಂಗ್ರಹವನ್ನು ಅಳಿಯದಂತೆ ಉಳಿಸುವ ಕೆಲಸಗಳು ಅವರ ಮೇಲೆ ಬಿದ್ದವು.

ಹಿನ್ನೆಲೆ

ಶಾಲಾ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಜೋಡಿಸಲು ಬಹುಕಾಲದಿಂದ ಬಳಕೆಯಲ್ಲಿರುವುದು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ. ವಿಷಯದ ಮೂಲಕ ಹುಡುಕಲು ನೆರವಾಗುವುದು ವಿಷಯ ಶೀರ್ಷಿಕೆಗಳ ಪಟ್ಟಿ. ದೊಡ್ಡ ಗ್ರಂಥಾಲಯಗಳು ಇದಕ್ಕಾಗಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಿದ್ಧಪಡಿಸುವ ಪಟ್ಟಿಯನ್ನು ಅನುಸರಿಸಿದರೆ, ಶಾಲೆಗಳು ಮತ್ತು ಸಣ್ಣ ಊರುಗಳ ಗ್ರಂಥಾಲಯಗಳು ಮಿನ್ನೀ ಅರ್ಲ್ ಸಿಯರ್ಸ್ ಅವರು 1923ರಲ್ಲಿ ಪ್ರಕಟಿಸಿದ, ಹೆಚ್ಚು ಸರಳವಾದ ಪಟ್ಟಿಯನ್ನು ಅನುಸರಿಸುತ್ತ ಬಂದಿವೆ. ಒಂದು ವಿಷಯಕ್ಕೆ ಒಂದೇ ಹೆಸರು ಇರಬೇಕು, ಉಳಿದ ಹೆಸರುಗಳಿಂದ ಹುಡುಕುವವರನ್ನು ಅಲ್ಲಿಗೇ ಕಳುಹಿಸಬೇಕು ಎಂಬುದು ಈ ಪಟ್ಟಿಗಳ ಮೂಲತತ್ತ್ವ. ಇದನ್ನು ನಿಯಂತ್ರಿತ ಶಬ್ದಾವಳಿ ಎನ್ನಲಾಗುತ್ತದೆ.

1990ರ ದಶಕದ ಕೊನೆಯಲ್ಲಿ ಶಾಲೆಗಳಿಗೆ ಅಂತರಜಾಲ ಬಂದಾಗ ಈ ವ್ಯವಸ್ಥೆಗೆ ಸಿಗದ ಸಾಮಗ್ರಿ ಹೇರಳವಾಗಿ ಬಂದಿತು. ಜಾಲಪುಟಗಳನ್ನು ಪುಸ್ತಕದಂತೆ ಸೂಚಿಗೆ ಸೇರಿಸಲು ಸಮಯ ಸಾಲುತ್ತಿರಲಿಲ್ಲ. ಸೇರಿಸಿದರೂ ಅವುಗಳ ವಿಳಾಸಗಳು ಬದಲಾಗುತ್ತಿದ್ದವು. ಆಗ ಗ್ರಂಥಪಾಲಕರು ಪಾಠಕ್ಕೆ ಬೇಕಾದ ಕೊಂಡಿಗಳನ್ನು ಕೈಯಾರೆ ಪಟ್ಟಿಮಾಡಿ ಮುದ್ರಿಸಿ ಹಂಚುತ್ತಿದ್ದರು, ಇಲ್ಲವೇ ಗ್ರಂಥಾಲಯದ ಒಂದೊಂದು ಗಣಕದ ಬ್ರೌಸರಿನಲ್ಲೂ ಬುಕ್‌ಮಾರ್ಕ್ ಹಾಕಿಡುತ್ತಿದ್ದರು. ಗಣಕವನ್ನು ದುರಸ್ತಿಗೆ ಕೊಟ್ಟು ಅದರ ನೆನಪು ಅಳಿಸಿಹೋದರೆ ಆ ಶ್ರಮವೂ ಅಳಿಸಿಹೋಗುತ್ತಿತ್ತು.

ಸೇವೆಗಳ ಉಗಮ

ಬುಕ್‌ಮಾರ್ಕ್‌ಗಳನ್ನು ಅಂತರಜಾಲದಲ್ಲೇ ಇಡುವ ಪ್ರಯತ್ನ 1996ರ ಐಟ್‌ಲಿಸ್ಟ್ ಸೇವೆಯಷ್ಟು ಹಳೆಯದು. ಆದರೆ ಅದಕ್ಕೆ ಟ್ಯಾಗಿಂಗ್ ಜೋಡಿಸಿ ಜನಪ್ರಿಯಗೊಳಿಸಿದ್ದು ಜೋಷುವಾ ಶಾಕ್ಟರ್ 2003ರಲ್ಲಿ ಆರಂಭಿಸಿದ ಡೆಲಿಷಿಯಸ್. ಅದೇ ಕಾಲದ ಫರ್ಲ್ ಎಂಬ ಸೇವೆ ಕೊಂಡಿಯ ಜೊತೆಗೆ ಪುಟದ ಪ್ರತಿಯನ್ನೂ ಉಳಿಸಿಕೊಡುತ್ತಿತ್ತು. ಛಾಯಾಚಿತ್ರಗಳಿಗೆ ಟ್ಯಾಗ್ ಹಾಕುವ ಫ್ಲಿಕರ್ ಮತ್ತು ವಿದ್ವತ್ ಲೇಖನಗಳಿಗೆ ಮೀಸಲಾದ ಸೈಟ್‌ಯುಲೈಕ್ 2004ರಲ್ಲಿ ಬಂದವು. ಮನೆಯ ಪುಸ್ತಕಗಳನ್ನು ಪಟ್ಟಿಮಾಡಿ ಟ್ಯಾಗ್ ಹಾಕಬಹುದಾದ ಲೈಬ್ರರಿಥಿಂಗ್ ತಾಣವನ್ನು ಟಿಮ್ ಸ್ಪಾಲ್ಡಿಂಗ್ 2005ರಲ್ಲಿ ತೆರೆದರು. ಪುಟದ ಮೇಲೆಯೇ ಸಾಲುಗಳಿಗೆ ಬಣ್ಣ ಹಚ್ಚಿ ಟಿಪ್ಪಣಿ ಬರೆಯಲು ಅವಕಾಶವಿದ್ದ ಡೀಗೋ 2006ರಲ್ಲಿ ಬಂದಿತು. ಶಿಕ್ಷಕರಿಗಾಗಿ ಅದು ಪ್ರತ್ಯೇಕ ಖಾತೆಗಳನ್ನೂ ಕೊಟ್ಟಿದ್ದರಿಂದ ಶಾಲೆಗಳಲ್ಲಿ ಹೆಚ್ಚು ನೆಲೆಯೂರಿತು.

ಜನಸಾಮಾನ್ಯರ ಟ್ಯಾಗ್‌ಗಳಿಂದ ತಾನಾಗಿ ರೂಪುಗೊಳ್ಳುವ ವಿಂಗಡಣೆಗೆ ಫೋಕ್ಸಾನಮಿ ಎಂಬ ಹೆಸರನ್ನು 2004ರಲ್ಲಿ ಟಂಕಿಸಿದವರು ಥಾಮಸ್ ವಾಂಡರ್ ವಾಲ್. ಜನ ಮತ್ತು ವರ್ಗೀಕರಣ ಎಂಬ ಅರ್ಥದ ಎರಡು ಪದಗಳನ್ನು ಬೆಸೆದು ಮಾಡಿದ ಈ ಶಬ್ದವನ್ನು ಕನ್ನಡದಲ್ಲಿ ಜನವರ್ಗೀಕರಣ ಎನ್ನಬಹುದು.

ಟ್ಯಾಗ್ ಮತ್ತು ವಿಷಯ ಶೀರ್ಷಿಕೆ

ವಿಷಯ ಶೀರ್ಷಿಕೆಗಳ ದೊಡ್ಡ ಕೊರತೆಯೆಂದರೆ ಅವು ಆಡುಮಾತಿನ ಹಿಂದೆ ನಿಧಾನವಾಗಿ ಸಾಗುತ್ತವೆ. ಅಡುಗೆಯ ಪುಸ್ತಕಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್ ಬಳಸುತ್ತಿದ್ದ 'ಕುಕರಿ' ಎಂಬ ಶೀರ್ಷಿಕೆ 'ಕುಕಿಂಗ್' ಎಂದು ಬದಲಾದದ್ದು 2010ರಲ್ಲಿ. ಅಮೆರಿಕದ ಮಕ್ಕಳಲ್ಲಿ ಅಡುಗೆ ಕಲಿಯಲು ಹೊರಟ ಯಾರೂ ಹಳೆಯ ಪದವನ್ನು ಹುಡುಕುಪೆಟ್ಟಿಗೆಯಲ್ಲಿ ಬರೆಯುತ್ತಿರಲಿಲ್ಲ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಟ್ಯಾಗ್ ಹಾಕುವವರು ಇಂತಹ ಅನುಮತಿಗೆ ಕಾಯಬೇಕಿಲ್ಲ. ಹೊಸ ಪದ ಹುಟ್ಟಿದ ದಿನವೇ ಅದು ಟ್ಯಾಗ್ ಆಗಬಲ್ಲದು.

ಟ್ಯಾಗ್‌ಗಳು ಪೂರ್ಣ ಅರಾಜಕವೂ ಅಲ್ಲವೆಂದು ಸ್ಕಾಟ್ ಗೋಲ್ಡರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಡೆಲಿಷಿಯಸ್‌ನಲ್ಲಿ ಒಂದೇ ಪುಟವನ್ನು ಸುಮಾರು 100 ಮಂದಿ ಉಳಿಸುವಷ್ಟರಲ್ಲಿ, ಯಾವ ಟ್ಯಾಗ್ ಎಷ್ಟು ಪಾಲು ಬಳಕೆಯಾಗುತ್ತದೆ ಎಂಬುದು ಹೆಚ್ಚುಕಡಿಮೆ ಸ್ಥಿರವಾಗುತ್ತಿತ್ತು. ಜನರು ಟ್ಯಾಗ್‌ಗಳನ್ನು ವಿಷಯ ಹೇಳಲು ಮಾತ್ರ ಬಳಸುವುದಿಲ್ಲ ಎಂಬುದನ್ನೂ ಅವರು ಗುರುತಿಸಿದರು. 'ತಮಾಷೆ' ಎಂಬಂತಹ ಗುಣಸೂಚಕಗಳು, 'ಓದಬೇಕು' ಎಂಬಂತಹ ಕೆಲಸದ ನೆನಪುಗಳು, 'ನನ್ನದು' ಎಂಬಂತಹ ಸ್ವಂತದ ಗುರುತುಗಳು ಕೂಡ ಅಲ್ಲಿದ್ದವು. ಇವು ಹಾಕಿದವರಿಗೆ ಉಪಯುಕ್ತ, ಉಳಿದವರಿಗೆ ನಿರರ್ಥಕ.

ಶಾಲೆಯ ಮಟ್ಟಿಗೆ ಈ ಅಧ್ಯಯನದಲ್ಲಿ ಗಮನಿಸಬೇಕಾದದ್ದು ಆ ನೂರರ ಸಂಖ್ಯೆ. ಲಕ್ಷಾಂತರ ಬಳಕೆದಾರರ ತಾಣದಲ್ಲಿ ತಪ್ಪು ಕಾಗುಣಿತವೂ ವಿಚಿತ್ರ ಪದವೂ ಬಹುಮತದಲ್ಲಿ ಮುಳುಗಿಹೋಗುತ್ತವೆ. ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಪುಟಕ್ಕೆ ಇಬ್ಬರೋ ಮೂವರೋ ಟ್ಯಾಗ್ ಹಾಕಿದಾಗ ಅಂತಹ ಬಹುಮತ ರೂಪುಗೊಳ್ಳುವುದೇ ಇಲ್ಲ. ಏಕವಚನ ಬಹುವಚನಗಳು, ಸಂಕ್ಷೇಪಗಳು, ಒಂದೇ ಪದದ ಹಲವು ರೂಪಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಡೆಲಿಷಿಯಸ್ ಬಹುಕಾಲ ಟ್ಯಾಗ್‌ಗಳನ್ನು ಖಾಲಿ ಜಾಗದಿಂದ ಬೇರ್ಪಡಿಸುತ್ತಿದ್ದುದರಿಂದ ಎರಡು ಪದಗಳ ಹೆಸರನ್ನು ಒಬ್ಬರು ಕೂಡಿಸಿ ಬರೆದರೆ ಇನ್ನೊಬ್ಬರು ನಡುವೆ ಅಡ್ಡಗೆರೆ ಹಾಕುತ್ತಿದ್ದರು. ಹೀಗಾಗಿ ಸಣ್ಣ ಗುಂಪಿನ ಟ್ಯಾಗಿಂಗ್ ನಡೆಯಬೇಕಾದರೆ ಮೊದಲೇ ಒಪ್ಪಂದವೊಂದು ಬೇಕಾಗುತ್ತದೆ. ಆ ಒಪ್ಪಂದವನ್ನು ಬರೆದು ಗೋಡೆಗೆ ಅಂಟಿಸುವವರು ಸಾಮಾನ್ಯವಾಗಿ ಗ್ರಂಥಪಾಲಕರೇ.

ಎಸ್. ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣದೊಂದಿಗೆ ಟ್ಯಾಗಿಂಗನ್ನು ಹೋಲಿಸುವುದುಂಟು. 1933ರಲ್ಲಿ ಪ್ರಕಟವಾದ ಈ ಪದ್ಧತಿಯು ಒಂದು ಕೃತಿಯನ್ನು ಒಂದೇ ಪೆಟ್ಟಿಗೆಗೆ ಹಾಕುವ ಬದಲು ಅದರ ವಸ್ತು, ಕ್ರಿಯೆ, ಸ್ಥಳ, ಕಾಲ ಮುಂತಾದ ಮುಖಗಳನ್ನು ಬಿಡಿಸಿ ಮತ್ತೆ ಜೋಡಿಸುತ್ತದೆ. ಡೆಲಿಷಿಯಸ್‌ನಲ್ಲಿ ಎರಡು ಟ್ಯಾಗ್‌ಗಳನ್ನು ಕೂಡಿಸಿ ಹುಡುಕಿದಾಗಲೂ ಇದೇ ಬಗೆಯ ಛೇದಕ ಸಿಗುತ್ತಿತ್ತು. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ರಂಗನಾಥನ್ ಅವರಲ್ಲಿ ಮುಖಗಳಿಗೆ ನಿಶ್ಚಿತ ಕ್ರಮವಿದೆ, ಟ್ಯಾಗ್‌ಗಳಿಗೆ ಯಾವ ಕ್ರಮವೂ ಇಲ್ಲ. 'ಮೈಸೂರು' ಎಂಬ ಟ್ಯಾಗ್ ಪುಟದ ವಿಷಯವೋ, ಪುಟ ಬರೆದವರ ಊರೋ ತಿಳಿಯುವಂತಿಲ್ಲ.

ಗ್ರಂಥಪಾಲಕರ ಕೆಲಸದಲ್ಲಿ ಬಳಕೆ

ಶಾಲೆಗಳಲ್ಲಿ ಹೆಚ್ಚಾಗಿ ಕಂಡುಬಂದ ಬಳಕೆ ಸರಳವಾದದ್ದು. ಗ್ರಂಥಾಲಯದ ಹೆಸರಿನಲ್ಲಿ ಒಂದು ಖಾತೆ ತೆರೆದು, ಪ್ರತಿ ತರಗತಿಗೂ ಯೋಜನಾಕಾರ್ಯಕ್ಕೂ ಒಂದೊಂದು ಟ್ಯಾಗ್ ಗೊತ್ತುಮಾಡಿ, ಸಿಕ್ಕ ಕೊಂಡಿಗಳನ್ನು ಅದರಡಿ ಸೇರಿಸುತ್ತ ಹೋಗುವುದು. ಆ ಟ್ಯಾಗಿನ ಪುಟದ ವಿಳಾಸವೊಂದನ್ನೇ ಮಕ್ಕಳಿಗೆ ಕೊಟ್ಟರೆ ಸಾಕು. ಪಟ್ಟಿಯನ್ನು ಮತ್ತೆ ಮುದ್ರಿಸಬೇಕಿಲ್ಲ. ಆರೆಸ್ಸೆಸ್ ಫೀಡ್ ಮೂಲಕ ಹೊಸ ಕೊಂಡಿಗಳು ಗ್ರಂಥಾಲಯದ ಜಾಲಪುಟದಲ್ಲಿ ತಾವಾಗಿ ಕಾಣಿಸಿಕೊಳ್ಳುತ್ತಿದ್ದವು. ಡೆಲಿಷಿಯಸ್‌ನಲ್ಲಿ ಇನ್ನೊಬ್ಬ ಬಳಕೆದಾರರ ಹೆಸರನ್ನು ಸೇರಿಸಿದ ವಿಶೇಷ ಟ್ಯಾಗ್ ಹಾಕಿ ಕೊಂಡಿಯನ್ನು ನೇರವಾಗಿ ಅವರಿಗೆ ಕಳುಹಿಸಬಹುದಿತ್ತು. ಇದರಿಂದ ಇತಿಹಾಸದ ಅಧ್ಯಾಪಕರು ಮನೆಯಲ್ಲಿ ಕಂಡ ಒಳ್ಳೆಯ ಪುಟವೊಂದನ್ನು ಅಲ್ಲಿಂದಲೇ ಗ್ರಂಥಪಾಲಕರಿಗೆ ತಲುಪಿಸುವುದು ಸಾಧ್ಯವಾಯಿತು. ಶಿಕ್ಷಕರು ಮತ್ತು ಗ್ರಂಥಪಾಲಕರ ನಡುವೆ ಬಿಡುವಿನ ವೇಳೆಯಲ್ಲಷ್ಟೇ ನಡೆಯುತ್ತಿದ್ದ ಸಮಾಲೋಚನೆಗೆ ಇದೊಂದು ಹೊಸ ದಾರಿಯಾಯಿತು.

ಹಿರಿಯ ತರಗತಿಗಳಲ್ಲಿ ಟ್ಯಾಗ್ ಹಾಕುವ ಕೆಲಸವನ್ನೇ ಪಾಠವಾಗಿ ಬಳಸಲಾಯಿತು. ಒಂದು ಲೇಖನಕ್ಕೆ ಮೂರು ಪದಗಳನ್ನು ಆರಿಸಬೇಕಾದ ವಿದ್ಯಾರ್ಥಿ ಅದನ್ನು ಓದಲೇಬೇಕಾಗುತ್ತದೆ. ಡೀಗೋದ ಗುಂಪುಗಳಲ್ಲಿ ಒಬ್ಬರು ಬಣ್ಣ ಹಚ್ಚಿದ ಸಾಲಿನ ಪಕ್ಕದಲ್ಲಿ ಇನ್ನೊಬ್ಬರು ಪ್ರಶ್ನೆ ಬರೆಯಬಹುದಿತ್ತು. ವಿದ್ಯಾರ್ಥಿಯ ಸಂಶೋಧನೆ ಎಲ್ಲಿ ದಾರಿ ತಪ್ಪಿದೆ ಎಂಬುದು ಪ್ರಬಂಧ ಕೈಸೇರುವ ಮೊದಲೇ, ಅವನು ಉಳಿಸಿದ ಕೊಂಡಿಗಳಿಂದ ಗ್ರಂಥಪಾಲಕರಿಗೆ ತಿಳಿಯುತ್ತಿತ್ತು.

ವೃತ್ತಿಸಂಘಟನೆಗಳೂ ಈ ಬದಲಾವಣೆಯನ್ನು ಗುರುತಿಸಿದವು. ಅಮೆರಿಕನ್ ಶಾಲಾ ಗ್ರಂಥಪಾಲಕರ ಸಂಘವು 2007ರಲ್ಲಿ ಹೊರತಂದ ಕಲಿಕಾ ಮಾನದಂಡಗಳಲ್ಲಿ ಜ್ಞಾನವನ್ನು ಹಂಚಿಕೊಳ್ಳುವುದೂ ಒಂದು ಕೌಶಲವಾಗಿ ಸೇರಿತು. ಅದು 2009ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಕಲಿಕೆಗೆ ಉಪಯುಕ್ತ ಜಾಲತಾಣಗಳ ಪಟ್ಟಿಯಲ್ಲಿ ಡೀಗೋ ಇತ್ತು. 2018ರ ಹೊಸ ಮಾನದಂಡಗಳ ಆರು ಅಡಿಪಾಯಗಳಲ್ಲಿ 'ಕ್ಯುರೇಟ್', ಅಂದರೆ ಆಯ್ದು ಜೋಡಿಸಿ ಅರ್ಥವತ್ತಾಗಿ ಇಡುವುದು, ಒಂದಾಗಿದೆ.

ಖಾಸಗಿತನ ಮತ್ತು ಕಾನೂನು

ಓದುಗರು ಏನನ್ನು ಓದುತ್ತಾರೆ ಎಂಬುದನ್ನು ಗುಟ್ಟಾಗಿಡುವುದು ಗ್ರಂಥಪಾಲನ ವೃತ್ತಿಯ ಹಳೆಯ ಧರ್ಮ. ಅಮೆರಿಕನ್ ಗ್ರಂಥಾಲಯ ಸಂಘದ ನೀತಿಸಂಹಿತೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅನೇಕ ಗ್ರಂಥಾಲಯ ತಂತ್ರಾಂಶಗಳಲ್ಲಿ ಪುಸ್ತಕ ಮರಳಿದ ಮೇಲೆ ಅದನ್ನು ಯಾರು ಒಯ್ದಿದ್ದರು ಎಂಬ ದಾಖಲೆಯನ್ನು ಅಳಿಸುವ ಏರ್ಪಾಡಿದೆ. ಸಾಮಾಜಿಕ ಬುಕ್‌ಮಾರ್ಕಿಂಗ್ ಇದಕ್ಕೆ ನೇರ ವಿರುದ್ಧವಾದ ತತ್ತ್ವದ ಮೇಲೆ ನಿಂತಿದೆ. ಖಿನ್ನತೆಯ ಬಗ್ಗೆಯೋ ಮನೆಯೊಳಗಿನ ಹಿಂಸೆಯ ಬಗ್ಗೆಯೋ ಓದುವ ವಿದ್ಯಾರ್ಥಿನಿ ಕಪಾಟಿನಿಂದ ಪುಸ್ತಕ ತೆಗೆದು ಅಲ್ಲಿಯೇ ಓದಿ ಇಟ್ಟರೆ ಯಾರಿಗೂ ತಿಳಿಯದು. ಅದೇ ಪುಟವನ್ನು ತರಗತಿಯ ಗುಂಪಿನಲ್ಲಿ ಉಳಿಸಿದರೆ ಸಹಪಾಠಿಗಳಿಗೆಲ್ಲ ಗೊತ್ತಾಗುತ್ತದೆ. ಆದ್ದರಿಂದ ವಿದ್ಯಾರ್ಥಿಗಳ ನಿಜನಾಮಗಳ ಬದಲು ಗುಪ್ತನಾಮಗಳನ್ನು ಕೊಡುವುದು, ಗುಂಪನ್ನು ಹೊರಗಿನವರಿಗೆ ಮುಚ್ಚುವುದು, ಖಾಸಗಿಯಾಗಿ ಉಳಿಸುವ ಆಯ್ಕೆಯನ್ನು ಮೊದಲ ದಿನವೇ ಹೇಳಿಕೊಡುವುದು ರೂಢಿಗೆ ಬಂದವು.

ಅಮೆರಿಕದ ಮಕ್ಕಳ ಆನ್‌ಲೈನ್ ಖಾಸಗಿತನ ರಕ್ಷಣಾ ಕಾಯಿದೆಯು 13 ವರ್ಷದೊಳಗಿನವರ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸುವುದನ್ನು ನಿರ್ಬಂಧಿಸುತ್ತದೆ. 1998ರ ಈ ಕಾಯಿದೆಯಿಂದಾಗಿ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಪರವಾಗಿ ಗ್ರಂಥಪಾಲಕರೇ ಒಂದು ಖಾತೆಯನ್ನು ನಡೆಸುವುದು ಸಾಮಾನ್ಯವಾಯಿತು. 2000ದ ಇನ್ನೊಂದು ಕಾಯಿದೆ, ಅಂತರಜಾಲಕ್ಕೆ ಕೇಂದ್ರದ ರಿಯಾಯಿತಿ ಪಡೆಯುವ ಶಾಲೆಗಳು ಶೋಧಕ ತಂತ್ರಾಂಶ ಅಳವಡಿಸಬೇಕೆಂದು ವಿಧಿಸಿತು. ಇಂತಹ ಶೋಧಕಗಳು 'ಸಾಮಾಜಿಕ' ಎಂಬ ವರ್ಗಕ್ಕೆ ಸೇರಿದ ತಾಣಗಳನ್ನು ಒಟ್ಟಾಗಿ ತಡೆದಾಗ ಬುಕ್‌ಮಾರ್ಕಿಂಗ್ ಸೇವೆಗಳೂ ಅದರಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಗ್ರಂಥಪಾಲಕರು ಮನೆಯಲ್ಲಿ ಕುಳಿತು ಸಿದ್ಧಪಡಿಸಿದ ಪಟ್ಟಿ ಶಾಲೆಯ ಗಣಕದಲ್ಲಿ ತೆರೆಯದೇ ಹೋಗುವ ಸಾಧ್ಯತೆ ಹೀಗೆ ಉಂಟಾಯಿತು. ಶಾಲೆ ಮತ್ತು ಗ್ರಂಥಾಲಯಗಳಲ್ಲಿ ಸಾಮಾಜಿಕ ಜಾಲಗಳ ಬಳಕೆಯನ್ನೇ ನಿರ್ಬಂಧಿಸುವ ಮಸೂದೆಯೊಂದು 2006ರ ಜುಲೈನಲ್ಲಿ ಅಮೆರಿಕದ ಕೆಳಮನೆಯಲ್ಲಿ 410–15 ಮತಗಳಿಂದ ಅಂಗೀಕಾರವಾಯಿತು. ಗ್ರಂಥಾಲಯ ಸಂಘ ಅದನ್ನು ವಿರೋಧಿಸಿತ್ತು. ಸೆನೆಟ್‌ನಲ್ಲಿ ಅದು ಮುಂದುವರಿಯಲಿಲ್ಲ.

ಸೇವೆಗಳ ಅವಸಾನ

ಡೆಲಿಷಿಯಸನ್ನು 2005ರ ಡಿಸೆಂಬರಿನಲ್ಲಿ ಯಾಹೂ ಕೊಂಡುಕೊಂಡಿತು. 2008ರ ಕೊನೆಗೆ ಅದಕ್ಕೆ 53 ಲಕ್ಷ ಬಳಕೆದಾರರಿದ್ದರು. 2010ರ ಡಿಸೆಂಬರಿನಲ್ಲಿ ಯಾಹೂವಿನ ಆಂತರಿಕ ಸಭೆಯೊಂದರ ಚಿತ್ರ ಸೋರಿಕೆಯಾಗಿ, ಮುಚ್ಚಲಿರುವ ಸೇವೆಗಳ ಸಾಲಿನಲ್ಲಿ ಡೆಲಿಷಿಯಸ್ ಹೆಸರಿರುವುದು ಬಹಿರಂಗವಾಯಿತು. ವರ್ಷಗಟ್ಟಲೆ ಕೂಡಿಸಿಟ್ಟ ಕೊಂಡಿಗಳನ್ನು ಹೊರತೆಗೆದುಕೊಳ್ಳಲು ಬಳಕೆದಾರರು ಮುಗಿಬಿದ್ದರು. ಹಲವರು ಡೀಗೋಗೆ, ಇನ್ನು ಕೆಲವರು 2009ರಲ್ಲಿ ಆರಂಭವಾಗಿದ್ದ ಪಿನ್‌ಬೋರ್ಡ್‌ಗೆ ಹೋದರು. 2011ರಲ್ಲಿ ಯೂಟ್ಯೂಬ್ ಸ್ಥಾಪಕರಾದ ಚಾಡ್ ಹರ್ಲಿ ಮತ್ತು ಸ್ಟೀವ್ ಚೆನ್ ಅವರ ಸಂಸ್ಥೆ ಅದನ್ನು ಕೊಂಡಾಗ, ತಮ್ಮ ದತ್ತಾಂಶ ಹೊಸ ಒಡೆತನಕ್ಕೆ ಹೋಗಲು ಬಳಕೆದಾರರು ಗಡುವಿನೊಳಗೆ ಒಪ್ಪಿಗೆ ಕೊಡಬೇಕಾಗಿತ್ತು. ಶಾಲೆಯ ಖಾತೆಯನ್ನು ತೆರೆದಿದ್ದ ಗ್ರಂಥಪಾಲಕರು ವರ್ಗವಾಗಿಯೋ ನಿವೃತ್ತರಾಗಿಯೋ ಹೋಗಿದ್ದರೆ ಒಪ್ಪಿಗೆ ಕೊಡುವವರೇ ಇರುತ್ತಿರಲಿಲ್ಲ. ಮತ್ತೆ ಕೈಬದಲಾದ ಡೆಲಿಷಿಯಸನ್ನು 2017ರಲ್ಲಿ ಪಿನ್‌ಬೋರ್ಡ್ 35,000 ಡಾಲರಿಗೆ ಕೊಂಡು, ಹೊಸ ಕೊಂಡಿ ಸೇರಿಸುವುದನ್ನು ನಿಲ್ಲಿಸಿತು.

ಇತರ ಸೇವೆಗಳ ಗತಿಯೂ ಹೆಚ್ಚು ಭಿನ್ನವಲ್ಲ. ಫರ್ಲ್ 2009ರಲ್ಲಿ ಡೀಗೋದಲ್ಲಿ ವಿಲೀನವಾಯಿತು. ನೇಚರ್ ಪ್ರಕಾಶನ ಸಮೂಹದ ಕನೋಟಿಯಾ 2013ರಲ್ಲಿ, ಸೈಟ್‌ಯುಲೈಕ್ 2019ರಲ್ಲಿ ಮುಚ್ಚಿದವು. ಫೀಡ್‌ಗಳನ್ನು ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಿತು. ಓದಬೇಕಾದುದನ್ನು ಉಳಿಸಿಡುವ ಪಾಕೆಟ್ 2025ರ ಜುಲೈನಲ್ಲಿ ಮುಚ್ಚಿತು. ಕಾರ್ಡ್ ಪೆಟ್ಟಿಗೆಗಳು ಹಲವು ದಶಕ ಬಾಳಿದ್ದವು ಎಂಬುದನ್ನು ನೆನೆದರೆ ಈ ಆಯುಷ್ಯ ಅಲ್ಪವೇ ಸರಿ. ಉಚಿತ ಸೇವೆಯೊಂದರಲ್ಲಿ ಶಾಲೆಯ ಸಂಗ್ರಹವನ್ನು ಕಟ್ಟುವವರು ಅದರ ಪ್ರತಿಯನ್ನು ಆಗಾಗ ಹೊರತೆಗೆದು ಶಾಲೆಯಲ್ಲೇ ಇಡುವುದು, ಖಾತೆಯನ್ನು ವ್ಯಕ್ತಿಯ ಹೆಸರಿನ ಬದಲು ಗ್ರಂಥಾಲಯದ ವಿಳಾಸಕ್ಕೆ ನೋಂದಾಯಿಸುವುದು ಇದೇ ಅನುಭವದಿಂದ ಬಂದ ಎಚ್ಚರಿಕೆಗಳು.

ಸೂಚಿಯೊಳಗೆ ಟ್ಯಾಗ್‌ಗಳು

ಸ್ವತಂತ್ರ ಸೇವೆಗಳು ಸೊರಗಿದರೂ ಟ್ಯಾಗಿಂಗ್ ಗ್ರಂಥಾಲಯದ ಸೂಚಿಯೊಳಗೇ ಪ್ರವೇಶ ಪಡೆಯಿತು. ಲೈಬ್ರರಿಥಿಂಗ್ ಸಂಸ್ಥೆ 2007ರಿಂದ ತನ್ನ ಬಳಕೆದಾರರ ಟ್ಯಾಗ್‌ಗಳನ್ನು ಇತರ ಗ್ರಂಥಾಲಯಗಳ ಸೂಚಿಗಳಲ್ಲಿ ತೋರಿಸುವ ಸೇವೆ ನೀಡಿತು. ನ್ಯೂಜಿಲೆಂಡಿನಲ್ಲಿ ರೂಪುಗೊಂಡು ಭಾರತದಲ್ಲೂ ವ್ಯಾಪಕವಾಗಿ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಕೋಹಾದಲ್ಲಿ ಓದುಗರು ಪುಸ್ತಕಗಳಿಗೆ ಟ್ಯಾಗ್ ಹಾಕಬಹುದು. ಸಿಬ್ಬಂದಿ ಒಪ್ಪಿದ ನಂತರವೇ ಅದು ಇತರರಿಗೆ ಕಾಣುವಂತೆ ಮಾಡುವ ಆಯ್ಕೆಯೂ ಅದರಲ್ಲಿದೆ. ಸಹಪಾಠಿಯ ಮೇಲಿನ ಸಿಟ್ಟನ್ನು ಪುಸ್ತಕದ ಟ್ಯಾಗಿನಲ್ಲಿ ತೀರಿಸಿಕೊಳ್ಳುವ ವಯಸ್ಸಿನವರಿರುವ ಶಾಲೆಗಳಲ್ಲಿ ಈ ಆಯ್ಕೆ ಅನಿವಾರ್ಯ.

ಲೈಬ್ರರಿ ಆಫ್ ಕಾಂಗ್ರೆಸ್ 2008ರ ಜನವರಿಯಲ್ಲಿ ಸುಮಾರು 3,000 ಹಳೆಯ ಛಾಯಾಚಿತ್ರಗಳನ್ನು ಫ್ಲಿಕರ್‌ನಲ್ಲಿ ಇಟ್ಟು ಸಾರ್ವಜನಿಕರ ಟ್ಯಾಗ್‌ಗಳಿಗೆ ತೆರೆದಿತು. ಅದೇ ವರ್ಷದ ವರದಿಯ ಪ್ರಕಾರ 67,000ಕ್ಕೂ ಹೆಚ್ಚು ಟ್ಯಾಗ್‌ಗಳು ಸೇರಿದವು. ಆದರೆ ಸಂಸ್ಥೆಯ ಮೂಲ ಸೂಚಿಯಲ್ಲಿ 500ಕ್ಕೂ ಹೆಚ್ಚು ದಾಖಲೆಗಳು ಉತ್ತಮಗೊಂಡದ್ದು ಬಳಕೆದಾರರು ಒದಗಿಸಿದ ಹೊಸ ಮಾಹಿತಿಯಿಂದ. ಚಿತ್ರದಲ್ಲಿರುವ ಸ್ಥಳವನ್ನೋ ವ್ಯಕ್ತಿಯನ್ನೋ ಬಲ್ಲ ಒಬ್ಬರ ಟಿಪ್ಪಣಿ, ನೂರು ಟ್ಯಾಗ್‌ಗಳಿಗಿಂತ ಸೂಚಿಕಾರರಿಗೆ ಹೆಚ್ಚು ನೆರವಾಗಬಲ್ಲದು.

ಎರಡೂ ಪದ್ಧತಿಗಳನ್ನು ಬೆಸೆದ ಒಳ್ಳೆಯ ಉದಾಹರಣೆ ಗ್ರಂಥಾಲಯಗಳ ಹೊರಗೆ, ಅಭಿಮಾನಿಗಳು ಬರೆದ ಕಥೆಗಳ ಆರ್ಕೈವ್ ಆಫ್ ಅವರ್ ಓನ್ ತಾಣದಲ್ಲಿ ಸಿಗುತ್ತದೆ. ಅಲ್ಲಿ ಲೇಖಕರು ಇಚ್ಛೆ ಬಂದಂತೆ ಟ್ಯಾಗ್ ಬರೆಯುತ್ತಾರೆ. ಸ್ವಯಂಸೇವಕರ ತಂಡವೊಂದು ಹಿಂದಿನಿಂದ ಸಮಾನಾರ್ಥಕಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಬರೆದವರ ಪದ ಹಾಗೆಯೇ ಉಳಿಯುತ್ತದೆ, ಹುಡುಕುವವರಿಗೂ ಎಲ್ಲವೂ ಒಟ್ಟಿಗೆ ಸಿಗುತ್ತದೆ. ಸಿಯರ್ಸ್ ಪಟ್ಟಿಯ 'ಇಲ್ಲಿ ನೋಡಿ' ಸೂಚನೆಗಳು ಮಾಡುವ ಕೆಲಸವೂ ಇದೇ.

ಭಾರತದಲ್ಲಿ ಮತ್ತು ಕನ್ನಡದಲ್ಲಿ

ಭಾರತದ 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕೆಂದು ಹೇಳುತ್ತದೆ, ಗ್ರಂಥಪಾಲಕರ ಹುದ್ದೆಯನ್ನು ಹೆಸರಿಸುವುದಿಲ್ಲ. ಕರ್ನಾಟಕದ ಅನೇಕ ಸರ್ಕಾರಿ ಶಾಲೆಗಳಲ್ಲಿ ಪಾಠದ ಜೊತೆಗೆ ಶಿಕ್ಷಕರೊಬ್ಬರು ಈ ಹೊಣೆಯನ್ನೂ ನಿರ್ವಹಿಸುತ್ತಾರೆ. ಕೊಂಡಿಗಳ ಸಂಗ್ರಹಕ್ಕೆ ಅಲ್ಲಿ ಹೆಚ್ಚಾಗಿ ಒದಗುವುದು ವಾಟ್ಸ್ಆ್ಯಪ್ ಗುಂಪು. ಹಂಚಲು ಅದು ಸುಲಭ, ಆದರೆ ಟ್ಯಾಗ್ ಇಲ್ಲದ ಕಾರಣ ಕಳೆದ ತಿಂಗಳ ಕೊಂಡಿಯನ್ನು ಹುಡುಕುವುದು ಕಷ್ಟ. 2017ರಲ್ಲಿ ಆರಂಭವಾದ ಕೇಂದ್ರದ ದೀಕ್ಷಾ ವೇದಿಕೆಯಲ್ಲಿ ಸಾಮಗ್ರಿಗಳಿಗೆ ಮಂಡಳಿ, ಮಾಧ್ಯಮ, ತರಗತಿ, ವಿಷಯ ಎಂಬ ಗುರುತುಗಳಿವೆ. ಇವು ಮೇಲಿನಿಂದ ನಿಗದಿಯಾದ ವರ್ಗಗಳು, ಜನವರ್ಗೀಕರಣವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ ಪೋಷಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿರುವುದರಿಂದ, ಭಾರತದ ಪ್ರೌಢಶಾಲಾ ವಿದ್ಯಾರ್ಥಿಗಳ ಖಾತೆಗಳ ಪ್ರಶ್ನೆ ಅಮೆರಿಕದಲ್ಲಿಗಿಂತ ಹೆಚ್ಚು ಕಟ್ಟುನಿಟ್ಟಾಗಿದೆ.

ಕನ್ನಡದಲ್ಲಿ ಟ್ಯಾಗ್ ಹಾಕುವಾಗ ಇಂಗ್ಲಿಷಿನಲ್ಲಿಲ್ಲದ ಕೆಲವು ತೊಡಕುಗಳು ಎದುರಾಗುತ್ತವೆ. ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವುದರಿಂದ 'ಶಾಲೆ', 'ಶಾಲೆಯ', 'ಶಾಲೆಗಳು', 'ಶಾಲೆಯಲ್ಲಿ' ಇವು ಯಂತ್ರಕ್ಕೆ ನಾಲ್ಕು ಬೇರೆ ಟ್ಯಾಗ್‌ಗಳು. 'ಬುಕ್‌ಮಾರ್ಕ್' ಮತ್ತು 'ಬುಕ್ಮಾರ್ಕ್' ಎಂಬಲ್ಲಿ ಅರ್ಧಾಕ್ಷರವನ್ನು ಬೇರ್ಪಡಿಸುವ, ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆಯೊಂದರಿಂದ ಎರಡು ಪದಗಳಾಗುತ್ತವೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರವಿನ್ಯಾಸದಲ್ಲಿ ಬರೆದ ಪಟ್ಟಿಯನ್ನು ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. 'ಮರಳು' ಎಂಬ ಟ್ಯಾಗಿನಡಿ ನದಿಯ ಮರಳಿನ ಗಣಿಗಾರಿಕೆಯ ಲೇಖನವೂ ಊರಿಗೆ ಮರಳಿದವರ ಕಥೆಯೂ ಒಟ್ಟಿಗೆ ಸೇರಬಹುದು.

ಕಾವ್ಯನಾಮಗಳ ವಿಷಯದಲ್ಲಿ ಈ ತೊಡಕು ಇನ್ನೂ ಎದ್ದುಕಾಣುತ್ತದೆ. ಕುವೆಂಪು ಮತ್ತು ಕೆ. ವಿ. ಪುಟ್ಟಪ್ಪ, ದ. ರಾ. ಬೇಂದ್ರೆ ಮತ್ತು ಅಂಬಿಕಾತನಯದತ್ತ, ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮತ್ತು ಶ್ರೀನಿವಾಸ ಒಬ್ಬೊಬ್ಬರೇ ಎಂಬುದು ಕನ್ನಡ ಓದುಗರಿಗೆ ಗೊತ್ತು, ಹೊಸದಾಗಿ ಓದುವ ಏಳನೆಯ ತರಗತಿಯ ವಿದ್ಯಾರ್ಥಿಗೆ ಗೊತ್ತಿರಬೇಕೆಂದಿಲ್ಲ. ಗ್ರಂಥಾಲಯದ ಸೂಚಿಯಲ್ಲಿ ಈ ಹೆಸರುಗಳನ್ನು ಒಂದಕ್ಕೊಂದು ಜೋಡಿಸುವ ನಿಯಮವಿದೆ. ಟ್ಯಾಗ್‌ಗಳಲ್ಲಿ ಅಂತಹ ನಿಯಮವಿಲ್ಲದ ಕಾರಣ, ಶಾಲೆಯೊಂದು ಕನ್ನಡ ಟ್ಯಾಗ್‌ಗಳನ್ನು ಬಳಸಲು ಹೊರಟಾಗ ಲೇಖಕರ ಹೆಸರುಗಳ ಚಿಕ್ಕ ಪಟ್ಟಿಯೊಂದನ್ನು ಮೊದಲು ಸಿದ್ಧಪಡಿಸಿಕೊಳ್ಳುವುದು ಅನುಕೂಲ. ಯಾವ ಹೆಸರನ್ನು ಟ್ಯಾಗ್ ಆಗಿ ಬಳಸಬೇಕು, ಅದರ ಕಾಗುಣಿತವೇನು, ಮೊದಲಕ್ಷರಗಳ ನಡುವೆ ಚುಕ್ಕಿ ಮತ್ತು ಜಾಗ ಇರಬೇಕೇ ಎಂಬಷ್ಟು ಅದರಲ್ಲಿದ್ದರೆ ಸಾಕಾಗುತ್ತದೆ.